ಫಾರ್ಮ್ ತುಂಬದವರೆಲ್ಲ ಸೋಮಾರಿಗಳಾ?

ಬಸ್ಸಲ್ಲೋ, ಮೆಟ್ರೋದಲ್ಲೋ, ಇಲ್ಲಾ ಪಾತ್ರೆ ತೊಳೀತಾನೋ ಇದನ್ನ ಕೇಳ್ತಿದ್ದೀರಿ ಅಂದ್ಕೋತೀನಿ. ಇವತ್ತಿನ ಮಾತು ಶುರುವಾಗೋದು ನನ್ನದೇ ಒಂದು ಹಳೇ ಅವಮಾನದಿಂದ.

ನಾನು ಪಿಯುಸಿ ಓದುತ್ತಿದ್ದಾಗ ಒಂದು ವಿದ್ಯಾರ್ಥಿವೇತನ ಸಿಗಬೇಕಿತ್ತು. ಅಂಕ ಇತ್ತು, ಅರ್ಹತೆ ಇತ್ತು. ಇಲ್ಲದ್ದು ಆದಾಯ ಪ್ರಮಾಣ ಪತ್ರ ಒಂದೇ. ಮೊದಲ ಸಲ ಹೋದಾಗ ಸಾಹೇಬ್ರು ಮೀಟಿಂಗ್‌ಗೆ ಹೋಗಿದ್ದರು. ಎರಡನೇ ಸಲ ಸರ್ವರ್ ಡೌನ್. ಮೂರನೇ ಸಲ ನೋಡಿದರೆ ಅಪ್ಪನ ಇನಿಷಿಯಲ್ ರೇಷನ್ ಕಾರ್ಡಲ್ಲಿ ಒಂದು ಥರ, ನನ್ನ ಮಾರ್ಕ್ಸ್ ಕಾರ್ಡಲ್ಲಿ ಇನ್ನೊಂದು ಥರ. ಪ್ರತಿ ಸಲವೂ ಅಪ್ಪನ ಒಂದು ದಿನದ ಕೂಲಿ ಹೋಯ್ತು. ನಾಲ್ಕನೇ ಸಲ ಅಪ್ಪ ಕೇಳಿದರೂ ನಾನೇ ಹೋಗಲಿಲ್ಲ. ಕೊನೇ ದಿನಾಂಕ ದಾಟಿತು. ಕಾಲೇಜಿನ ಗುಮಾಸ್ತರು, "ನಿಂಗೆ ಸೀರಿಯಸ್‌ನೆಸ್ಸೇ ಇಲ್ಲ ಕಣೋ" ಅಂದರು. ಬಹಳ ವರ್ಷ ನಾನೂ ಅದನ್ನೇ ನಂಬಿದ್ದೆ.

ಆಮೇಲೆ ಅಮೆರಿಕದ ಒಂದು ಅಧ್ಯಯನ ಓದಿದೆ. 2012ರಲ್ಲಿ ಪ್ರಕಟವಾಗಿದ್ದು. ಅಲ್ಲಿ ಕಾಲೇಜಿಗೆ ಸರ್ಕಾರದ ನೆರವು ಬೇಕಂದ್ರೆ ನೂರಕ್ಕೂ ಹೆಚ್ಚು ಪ್ರಶ್ನೆಗಳಿದ್ದ ಒಂದು ಫಾರ್ಮ್ ತುಂಬಬೇಕಿತ್ತು. ಸಂಶೋಧಕರು ಏನು ಮಾಡಿದರು ಗೊತ್ತಾ? ಎಚ್ ಅಂಡ್ ಆರ್ ಬ್ಲಾಕ್ ಅನ್ನೋ ತೆರಿಗೆ ಸಲಹಾ ಕಂಪನಿಯ ಕಚೇರಿಗಳಿಗೆ ತೆರಿಗೆ ಲೆಕ್ಕ ಮಾಡಿಸೋಕೆ ಬಂದ ಕಡಿಮೆ ಆದಾಯದ ಕುಟುಂಬಗಳಲ್ಲಿ ಕೆಲವರಿಗೆ ಅಲ್ಲೇ ಕೂತು ಆ ಫಾರ್ಮನ್ನೂ ತುಂಬಿಕೊಟ್ಟರು. ಸುಮಾರು ಹತ್ತು ನಿಮಿಷದ ಕೆಲಸ. ಇನ್ನು ಕೆಲವರಿಗೆ "ನಿಮಗೆ ಇಷ್ಟು ನೆರವು ಸಿಗಬಹುದು" ಅಂತ ಮಾಹಿತಿ ಮಾತ್ರ ಕೊಟ್ಟರು.

ಫಾರ್ಮ್ ತುಂಬಿಸಿಕೊಂಡ ಮನೆಗಳ ಹೈಸ್ಕೂಲ್ ಕೊನೇ ವರ್ಷದ ಮಕ್ಕಳಲ್ಲಿ, ಮುಂದಿನ ಮೂರು ವರ್ಷದೊಳಗೆ ಎರಡು ವರ್ಷ ಕಾಲೇಜು ಓದಿದವರ ಪ್ರಮಾಣ ಶೇ 28ರಿಂದ 36ಕ್ಕೆ ಏರಿತು. ಬರೀ ಮಾಹಿತಿ ಪಡೆದವರಲ್ಲಿ? ಹೇಳಿಕೊಳ್ಳುವಂಥ ಬದಲಾವಣೆ ಏನೂ ಇಲ್ಲ.

ನಮ್ಮಲ್ಲಿ ಯಾವುದೇ ಯೋಜನೆ ಜನರನ್ನ ಮುಟ್ಟಲಿಲ್ಲ ಅಂದ್ರೆ ಮೊದಲು ಹೇಳೋದೇ "ಜಾಗೃತಿ ಮೂಡಿಸಬೇಕು" ಅಂತ. ಪೋಸ್ಟರ್, ಜಾಥಾ, ಜಿಂಗಲ್. ಆದರೆ ನನಗೆ ಜಾಗೃತಿಗೆ ಏನೂ ಕೊರತೆ ಇರಲಿಲ್ಲ. ಕೊರತೆ ಇದ್ದದ್ದು ಆ ಹತ್ತು ನಿಮಿಷ ಜೊತೆಗೆ ಕೂರುವವರದ್ದು.

ಅರ್ಥಶಾಸ್ತ್ರಜ್ಞ ರಿಚರ್ಡ್ ಥೇಲರ್ ಮತ್ತು ಕಾನೂನು ತಜ್ಞ ಕ್ಯಾಸ್ ಸನ್‌ಸ್ಟೀನ್ 2008ರಲ್ಲಿ 'ನಡ್ಜ್' ಅನ್ನೋ ಪುಸ್ತಕ ಬರೆದರು. ನಡ್ಜ್ ಅಂದ್ರೆ ಮೊಣಕೈಯಿಂದ ಮೆಲ್ಲಗೆ ತಿವಿಯೋದು. ಬಲವಂತ ಮಾಡದೆ, ದಂಡ ಹಾಕದೆ, ಒಳ್ಳೆಯ ಆಯ್ಕೆ ಸುಲಭವಾಗುವಂತೆ ವ್ಯವಸ್ಥೆ ಮಾಡೋದು. 2010ರಲ್ಲಿ ಬ್ರಿಟನ್ ಸರ್ಕಾರ ಇದಕ್ಕೇ ಒಂದು ತಂಡ ಕಟ್ಟಿತು. 2017ರಲ್ಲಿ ಥೇಲರ್‌ಗೆ ನೊಬೆಲ್ ಬಂತು. ಅವರದ್ದೇ ಇನ್ನೊಂದು ಪದ ಇದೆ, 'ಸ್ಲಡ್ಜ್'. ಅಂದ್ರೆ ರಾಡಿ. ಕಾಲಿಟ್ಟರೆ ಹೂತುಹೋಗೋ ಕಾಗದಪತ್ರದ ರಾಡಿ. ನನಗೆ ನಡ್ಜ್‌ಗಿಂತ ಈ ಪದವೇ ಇಷ್ಟ, ಅದರಲ್ಲಿ ನಾನೇ ನಿಂತು ಬಂದಿದ್ದೀನಲ್ಲ.

ಈಗ ನಮ್ಮ ದೇಶಕ್ಕೇ ಬನ್ನಿ. ರಾಜಸ್ಥಾನದ ಉದಯಪುರದ ಹಳ್ಳಿಗಳು. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡಫ್ಲೋ ತಂಡ ಸೇವಾ ಮಂದಿರ ಅನ್ನೋ ಸಂಸ್ಥೆಯ ಜೊತೆ 134 ಹಳ್ಳಿಗಳಲ್ಲಿ ಮಕ್ಕಳ ಲಸಿಕೆಯ ಬಗ್ಗೆ ಪ್ರಯೋಗ ನಡೆಸಿತು. ಎಂದಿನಂತೆ ಬಿಟ್ಟ ಹಳ್ಳಿಗಳಲ್ಲಿ ಪೂರ್ತಿ ಲಸಿಕೆ ಆದ ಮಕ್ಕಳು ಶೇ 6. ಹೌದು, ಆರೇ. ತಿಂಗಳಿಗೊಮ್ಮೆ ತಪ್ಪದೆ ಶಿಬಿರ ನಡೆಸಿದಲ್ಲಿ ಶೇ 18. ಶಿಬಿರದ ಜೊತೆ ಪ್ರತಿ ಸಲ ಒಂದು ಕೆ.ಜಿ. ಬೇಳೆ, ಎಲ್ಲ ಲಸಿಕೆ ಮುಗಿದಾಗ ಊಟದ ತಟ್ಟೆಗಳ ಸೆಟ್ ಕೊಟ್ಟಲ್ಲಿ ಶೇ 39.

ಇಲ್ಲಿ ಯಾರೂ ಲಸಿಕೆಗೆ ವಿರೋಧ ಅಂತೇನಲ್ಲ. ಶಿಬಿರಕ್ಕೆ ಬಂದು ಮೊದಲ ಚುಚ್ಚುಮದ್ದು ಹಾಕಿಸಿದ ಅನೇಕ ತಾಯಂದಿರು ಐದನೇ ಸಲದವರೆಗೆ ಬರ್ತಿರಲಿಲ್ಲ. ಇವತ್ತು ಹೊಲದ ಕೆಲಸ ಇದೆ, ಮುಂದಿನ ತಿಂಗಳು ನೋಡೋಣ, ಅಷ್ಟೇ. ಜಿಮ್ ಮೆಂಬರ್‌ಶಿಪ್ ತಗೊಂಡು ಮೂರು ದಿನ ಹೋದ ನಾವು ಅವರಿಗೆ ಬುದ್ಧಿ ಹೇಳೋ ಹಾಗಿಲ್ಲ. ಬೇಳೆ ಆ 'ನಾಳೆ'ಯನ್ನ 'ಇವತ್ತು' ಮಾಡಿತು. "ಇದು ಆಮಿಷ, ದುಡ್ಡು ದಂಡ" ಅನ್ನೋರಿಗೆ ಒಂದು ಲೆಕ್ಕ: ನರ್ಸ್ ದಿನವಿಡೀ ಕೂರಲೇಬೇಕು, ಖರ್ಚು ಅದೇ. ಹೆಚ್ಚು ಮಕ್ಕಳು ಬಂದಿದ್ದರಿಂದ, ಬೇಳೆಯ ಖರ್ಚು ಸೇರಿಸಿದರೂ, ಪೂರ್ತಿ ಲಸಿಕೆಯಾದ ಒಂದು ಮಗುವಿಗೆ ಬಿದ್ದ ವೆಚ್ಚ ಸುಮಾರು ಅರ್ಧಕ್ಕೆ ಇಳಿಯಿತು.

ಆದರೆ ನಾನು ಈ ವಿಜ್ಞಾನದ ಭಕ್ತ ಅಲ್ಲ, ಹೇಳಿಬಿಡ್ತೀನಿ. ಫಾರ್ಮಿನ ಕೊನೆಗಲ್ಲ, ಮೇಲ್ಗಡೆಯೇ ಸಹಿ ಹಾಕಿಸಿದರೆ ಜನ ಸುಳ್ಳು ಕಡಿಮೆ ಹೇಳ್ತಾರೆ ಅನ್ನೋ 2012ರ ಪ್ರಬಂಧ ಭಾರೀ ಹೆಸರು ಮಾಡಿತ್ತು. 2021ರಲ್ಲಿ ಅದನ್ನ ಹಿಂದಕ್ಕೆ ತೆಗೆದುಕೊಂಡರು. ಅದರಲ್ಲಿದ್ದ ಒಂದು ದತ್ತಾಂಶವೇ ಕಟ್ಟುಕತೆಯಾಗಿತ್ತು. ಪ್ರಾಮಾಣಿಕತೆಯ ಬಗ್ಗೆ ಬರೆದ ಪ್ರಬಂಧದ ಕತೆ ಇದು! ಇನ್ನು 2022ರ ಒಂದು ವಿಶ್ಲೇಷಣೆ ಪ್ರಕಾರ, ವಿದ್ವತ್ ಪತ್ರಿಕೆಗಳಲ್ಲಿ ಬಂದ ನಡ್ಜ್‌ಗಳ ಸರಾಸರಿ ಪರಿಣಾಮ 8.7 ಶೇಕಡಾ ಅಂಶ. ಅಮೆರಿಕದ ಎರಡು ದೊಡ್ಡ ತಂಡಗಳು ನಿಜವಾಗಿ ನಡೆಸಿದ 126 ಪ್ರಯೋಗಗಳಲ್ಲಿ ಅದು ಬರೀ 1.4. ಚಂದದ ಎಸ್ಸೆಮ್ಮೆಸ್ ಕಳಿಸಿ ಬಡತನ ಓಡಿಸ್ತೀವಿ ಅನ್ನೋರನ್ನ ನಂಬಬೇಡಿ. ಉದಯಪುರದಲ್ಲೂ ಮೊದಲು ಬೇಕಾಗಿದ್ದು ತಪ್ಪದೆ ಬರುವ ನರ್ಸ್, ಬೇಳೆ ಆಮೇಲೆ.

ನಮ್ಮ ಕರ್ನಾಟಕದಲ್ಲಿ 2011ರ ಸಕಾಲ ಕಾಯ್ದೆ ಇದೆ. ಇಂತಿಷ್ಟು ದಿನದಲ್ಲಿ ಸೇವೆ ಕೊಡಬೇಕು, ತಡವಾದರೆ ದಿನಕ್ಕೆ 20 ರೂಪಾಯಿ ಪರಿಹಾರ. ಒಳ್ಳೇ ಯೋಚನೆ, ಗಡಿಯಾರವನ್ನ ಕಚೇರಿಯ ಗೋಡೆಗೇ ನೇತುಹಾಕಿದರು. ಆದರೆ ಆ ಗಡಿಯಾರ ಓಡೋದು ಅರ್ಜಿ ಸ್ವೀಕರಿಸಿ ಸಂಖ್ಯೆ ಕೊಟ್ಟ ಮೇಲೆ. ಅದಕ್ಕೂ ಮುಂಚೆ "ಇದು ಸರಿಯಿಲ್ಲ, ನಾಳೆ ಬನ್ನಿ" ಅಂತ ವಾಪಸ್ ಕಳಿಸಿದ್ದನ್ನ ಯಾರು ಎಣಿಸ್ತಾರೆ? ನನ್ನ ಆ ಮೂರು ಓಡಾಟ ಯಾವ ಪುಸ್ತಕದಲ್ಲೂ ದಾಖಲಾಗಿಲ್ಲ.

ಈ ವರ್ಷ ಅಕ್ಕನ ಮಗಳು ಪಿಯುಸಿ. ಹೋದ ಭಾನುವಾರ ಫೋನ್ ಹಿಡ್ಕೊಂಡು ಅವಳ ಪಕ್ಕ ಕೂತೆ. ಓಟಿಪಿ ಹೋಗಿದ್ದು ಭಾವನ ನಂಬರಿಗೆ, ಭಾವ ಲಾರಿ ಓಡಿಸ್ತಾ ಚಿತ್ರದುರ್ಗದ ಹತ್ರ ಇದ್ದರು. ಅವರು ಡಾಬಾದಲ್ಲಿ ಗಾಡಿ ನಿಲ್ಲಿಸಿ ಓಟಿಪಿ ಹೇಳೋ ಹೊತ್ತಿಗೆ ಅದರ ಟೈಮ್ ಮುಗಿದಿತ್ತು. ಮತ್ತೆ ಕಳಿಸಿದ್ವಿ. ರಾತ್ರಿ ಹನ್ನೊಂದಕ್ಕೆ ಅರ್ಜಿ ಹೋಯ್ತು. ಅರ್ಜಿ ಸಂಖ್ಯೆಯನ್ನ ಅವಳು ಅಡುಗೆಮನೆ ಕ್ಯಾಲೆಂಡರ್ ಮೇಲೆ ಬರೆದಿಟ್ಟಿದ್ದಾಳೆ.