ಪುಸ್ತಕ, ಔಷಧಿ ಮತ್ತು ಒಬ್ಬ ವಕೀಲ
(ಸಂಘದ ಸಭೆಯಲ್ಲಿ ಮಾಡಿದ ಭಾಷಣ)

ಮನೆ, ಹೊಲ, ಅಂಗಡಿಗಳಿಗೆ ಒಡೆಯರಿರುವುದನ್ನು ನಾವೆಲ್ಲ ಬಲ್ಲೆವು. ಪುಸ್ತಕಕ್ಕೂ ಹೊಸ ಔಷಧಿಗೂ ಒಡೆತನವುಂಟು. ಒಂದಕ್ಕೆ ಕೃತಿಸ್ವಾಮ್ಯವೆಂದೂ ಇನ್ನೊಂದಕ್ಕೆ ಪೇಟೆಂಟ್ ಎಂದೂ ಹೆಸರು. ಹೋಟೆಲಿನಲ್ಲಿ ತಟ್ಟೆ ಎತ್ತುವ, ಗಿರಣಿಯಲ್ಲಿ ಪಾಳಿ ಮಾಡುವ ನಮಗೆ ಇದರ ಗೊಡವೆ ಏಕೆಂದು ಕೇಳಬಹುದು. ಮನೆಯಲ್ಲೊಬ್ಬರು ಹಾಸಿಗೆ ಹಿಡಿದಾಗ, ಮಗಳು ಕಾಲೇಜಿನ ಪುಸ್ತಕದ ಪಟ್ಟಿ ತಂದಾಗ ಆ ಗೊಡವೆ ತಾನಾಗಿಯೇ ಬರುತ್ತದೆ.

ಈ ಕಾನೂನಿನ ಪಂಡಿತರಾಗಿದ್ದ ಪ್ರೊ. ಶಮ್ನಾದ್ ಬಶೀರರ ಬಗ್ಗೆ ನಾಲ್ಕು ಮಾತು ಹೇಳಬಯಸುತ್ತೇವೆ. ನಮ್ಮ ನೋಯ್ಡಾ ಹುಟ್ಟಿದ 1976ರಲ್ಲೇ ಅವರೂ ಹುಟ್ಟಿದರು. ಕೇರಳದವರು; ಕಾನೂನು ಕಲಿತದ್ದು ನಮ್ಮ ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲಿನಲ್ಲಿ. ಬಳಿಕ ಆನಂದ್ ಅಂಡ್ ಆನಂದ್ ಎಂಬ ವಕೀಲರ ಸಂಸ್ಥೆಯಲ್ಲಿ ದುಡಿದರು. ಅದರ ಕಚೇರಿ ಇಂದು ಇಲ್ಲಿಯೇ, ಸೆಕ್ಟರ್ 16ಎಯಲ್ಲಿದೆ. ಅಲ್ಲಿಯೇ ನೆಲೆ ನಿಂತಿದ್ದರೆ ಸುಖವಾಗಿ ಬಾಳಬಹುದಿತ್ತು. ಅವರು ಆಕ್ಸ್‌ಫರ್ಡಿನಲ್ಲಿ ಓದಿ, ಅಮೆರಿಕದಲ್ಲಿ ಪಾಠ ಹೇಳಿ, ಕಲ್ಕತ್ತೆಯ ಕಾನೂನು ವಿಶ್ವವಿದ್ಯಾಲಯಕ್ಕೆ ಅಧ್ಯಾಪಕರಾಗಿ ಬಂದರು.

ರಕ್ತದ ಕ್ಯಾನ್ಸರಿನ ಗ್ಲಿವೆಕ್ ಔಷಧಿಗೆ ನೊವಾರ್ಟಿಸ್ ಕಂಪನಿ ಪೇಟೆಂಟ್ ಕೇಳಿತ್ತು. ಆ ಮೊಕದ್ದಮೆಯಲ್ಲಿ ಬಶೀರರು ಯಾವ ಕಕ್ಷಿಯ ಪರವಾಗಿಯೂ ಅಲ್ಲ, ವಿದ್ವಾಂಸರಾಗಿ ಸುಪ್ರೀಂ ಕೋರ್ಟಿನ ಮುಂದೆ ನಿಂತು ಕಾನೂನನ್ನು ವಿವರಿಸಿದರು. ಹಳೆಯ ವಸ್ತುವಿಗೆ ಹೊಸ ರೂಪ ಕೊಟ್ಟರೆ ಸಾಲದು, ರೋಗ ಗುಣಪಡಿಸುವ ಶಕ್ತಿಯೂ ಹೆಚ್ಚಬೇಕೆಂದು ಹೇಳಿ ನ್ಯಾಯಾಲಯವು 2013ರ ಏಪ್ರಿಲ್ 1ರಂದು ಪೇಟೆಂಟ್ ನಿರಾಕರಿಸಿತು. ಅದೇ ಔಷಧಿಯನ್ನು ನಮ್ಮ ದೇಶದ ಕಂಪನಿಗಳು ಕಡಿಮೆ ಬೆಲೆಗೆ ಮಾರಲು ದಾರಿ ಉಳಿಯಿತು.

ಇನ್ನೊಂದು ಸಂಗತಿ. 2012ರಲ್ಲಿ ಆಕ್ಸ್‌ಫರ್ಡ್, ಕೇಂಬ್ರಿಜ್ ಮೊದಲಾದ ಪ್ರಕಾಶಕರು ದೆಹಲಿ ವಿಶ್ವವಿದ್ಯಾಲಯದೊಳಗಿನ ರಾಮೇಶ್ವರಿ ಎಂಬ ಸಣ್ಣ ಫೋಟೋಕಾಪಿ ಅಂಗಡಿಯ ಮೇಲೆ ದಾವೆ ಹೂಡಿದರು. ಬಶೀರರು ವಿದ್ಯಾರ್ಥಿಗಳ ಪರವಾಗಿ ಲೇಖನಿ ಹಿಡಿದರು. ಪಾಠಕ್ಕೆ ಬೇಕಾದಷ್ಟನ್ನು ಪ್ರತಿ ಮಾಡಿಕೊಳ್ಳಲು 1957ರ ಕೃತಿಸ್ವಾಮ್ಯ ಕಾಯಿದೆಯಲ್ಲೇ ಅವಕಾಶವಿದೆಯೆಂದು 2016ರಲ್ಲಿ ದೆಹಲಿ ಹೈಕೋರ್ಟು ಹೇಳಿತು. ಮರುವರ್ಷ ಪ್ರಕಾಶಕರೇ ದಾವೆ ಹಿಂತೆಗೆದರು. ಬರೆದವನಿಗೆ ಕೂಲಿ ಬೇಡವೆಂದು ಇದರ ಅರ್ಥವಲ್ಲ. ದುಡಿಮೆಯ ಬೆಲೆ ನಮಗಿಂತ ಚೆನ್ನಾಗಿ ಬಲ್ಲವರಾರು? ಆದರೆ ಒಡೆತನಕ್ಕೂ ಒಂದು ಎಲ್ಲೆ ಇರಬೇಕು.

ಕಾನೂನು ಕಾಲೇಜುಗಳಲ್ಲಿ ಉಳ್ಳವರ ಮಕ್ಕಳೇ ತುಂಬಿರುವುದನ್ನು ಕಂಡು, ಬಡ ಮಕ್ಕಳನ್ನು ಪ್ರವೇಶ ಪರೀಕ್ಷೆಗೆ ತಯಾರು ಮಾಡಲು 2010ರಲ್ಲಿ ಅವರು ‘ಐಡಿಯಾ’ ಎಂಬ ಸಂಸ್ಥೆ ಕಟ್ಟಿದರು. 2014ರಲ್ಲಿ ಇನ್ಫೋಸಿಸ್ ಪ್ರಶಸ್ತಿ ಬಂತು. 2019ರ ಆಗಸ್ಟಿನಲ್ಲಿ, ನಮ್ಮ ಚಿಕ್ಕಮಗಳೂರಿನ ಬಾಬಾಬುಡನ್‌ಗಿರಿಗೆ ಯಾತ್ರೆ ಬಂದಿದ್ದಾಗ, 43ನೆಯ ವಯಸ್ಸಿನಲ್ಲೇ ತೀರಿಕೊಂಡರು.

ಬಂಧುಗಳೇ, ಕೋರ್ಟಿನ ಮೆಟ್ಟಿಲೆಂದರೆ ನಾವು ಹೆದರುತ್ತ ಬಂದಿದ್ದೇವೆ. ನಮ್ಮ ಮಕ್ಕಳು ಆ ಮೆಟ್ಟಿಲನ್ನು ವಕೀಲರಾಗಿ ಏಕೆ ಹತ್ತಬಾರದು? ಹನ್ನೆರಡನೆಯ ತರಗತಿ ಮುಗಿಸಿದವರನ್ನು ದುಡಿಮೆಗೆ ಹಚ್ಚುವ ಮೊದಲು ಈ ಪರೀಕ್ಷೆಯ ವಿಚಾರ ಒಮ್ಮೆ ಕೇಳಿ ತಿಳಿಯೋಣ. ಅಷ್ಟು ಮಾಡಿದರೆ ಈ ಸಭೆ ಸಾರ್ಥಕ.