ಐವತ್ತು ಗ್ರಾಂ ಎಲ್ಲಿ ಹೋಯಿತು?

ಭಾನುವಾರ ಅಕ್ಕನ ಮನೆಗೆ ಹೋದಾಗ ಅಡುಗೆಮನೆಯಲ್ಲಿ ಜಗಳ ನಡೆದಿತ್ತು. ಅಕ್ಕನ ಮಗ ಈಚೆಗೆ ಜಿಮ್‌ಗೆ ಸೇರಿದ್ದಾನೆ. ತಿನ್ನುವುದನ್ನೆಲ್ಲ ತೂಗಿ ಕ್ಯಾಲೊರಿ ಲೆಕ್ಕ ಬರೆದಿಡುವುದು ಅವನ ಹೊಸ ಹುಚ್ಚು. ಮೂಳೆ, ಚರ್ಮ ತೆಗೆದ ಕೋಳಿ ಮಾಂಸ ಬೇಯಲು ಹಾಕುವಾಗ 200 ಗ್ರಾಂ ಇತ್ತಂತೆ. ಬೆಂದ ಮೇಲೆ ತೂಗಿದರೆ 150!

“ನೀನೇ ತಿಂದಿದ್ದೀಯ” ಎಂದು ತಂಗಿಯ ಮೇಲೆ ರೇಗುತ್ತಿದ್ದ.

“ಅಮ್ಮನಾಣೆ ಇಲ್ಲ ಕಣೋ ಅಣ್ಣಾ! ಮಾಮ, ನೀವೇ ಹೇಳಿ.”

ಅವಳು ತಿಂದಿರಲಿಲ್ಲ. ಬೆಕ್ಕೂ ಬಂದಿರಲಿಲ್ಲ. ಹಾಗಾದರೆ 50 ಗ್ರಾಂ ಎಲ್ಲಿ ಹೋಯಿತು, ಮಕ್ಕಳೇ?

ಹಸಿ ಕೋಳಿ ಮಾಂಸದಲ್ಲಿ ನಾಲ್ಕಕ್ಕೆ ಸುಮಾರು ಮೂರು ಪಾಲು ನೀರೇ. ಆದರೂ ಅದು ತೊಟ್ಟಿಕ್ಕುವುದಿಲ್ಲ. ಏಕೆಂದರೆ ಮಾಂಸವೆಂದರೆ ಸಣ್ಣ ಸಣ್ಣ ಎಳೆಗಳ ಕಟ್ಟು. ಎಳೆಗಳು ಪ್ರೋಟೀನಿನವು, ನೀರು ಅವುಗಳ ಸಂದಿಯಲ್ಲಿ ಕೂತಿರುತ್ತದೆ. ಬಿಸಿ 50 ಡಿಗ್ರಿ ಸೆಲ್ಸಿಯಸ್ ದಾಟಿದಂತೆ ಎಳೆಗಳು ಮುದುಡತೊಡಗುತ್ತವೆ. 60 ದಾಟಿದ ಮೇಲೆ ಕಟ್ಟನ್ನು ಸುತ್ತಿರುವ ಪೊರೆಯೂ ಬಿಗಿಯುತ್ತದೆ. ಒದ್ದೆ ಪಂಚೆ ಹಿಂಡಿದ ಹಾಗೆ ನೀರು ಹೊರಬರುತ್ತದೆ. ಕಾವಲಿಯ ಮೇಲೆ ಮಾಂಸ ಹುರಿಯುವಾಗ ಕೇಳುವ ‘ಚೊರ್’ ಸದ್ದು ಆ ನೀರಿನದೇ.

“ಆದರೆ ಮಾಮ, ಇದು ನೀರಿನಲ್ಲೇ ಮುಳುಗಿತ್ತಲ್ಲ! ನೀರೊಳಗೆ ಇದ್ದುಕೊಂಡು ನೀರು ಹೇಗೆ ಕಳೆದುಕೊಂಡಿತು?” ಎಂದಳು ತಂಗಿ.

ಎಷ್ಟು ಒಳ್ಳೆಯ ಪ್ರಶ್ನೆ! ಪಕ್ಕದ ಒಲೆಯ ಮೇಲಿದ್ದ ಅನ್ನದ ಪಾತ್ರೆ ತೋರಿಸಿದೆ. ಅಕ್ಕಿಯಲ್ಲಿ ಹೆಚ್ಚಿಗೆ ಇರುವುದು ಪಿಷ್ಟ. ಬಿಸಿ ನೀರಿನಲ್ಲಿ ಪಿಷ್ಟದ ಕಣಗಳು ನೀರು ಕುಡಿದು ಉಬ್ಬುತ್ತವೆ. 100 ಗ್ರಾಂ ಅಕ್ಕಿ ಎರಡೂವರೆ, ಮೂರು ಪಟ್ಟು ತೂಕದ ಅನ್ನವಾಗುತ್ತದೆ. ಮಾಂಸದ ಎಳೆ ಮಾತ್ರ ಮುದುಡಿ, ಒಳಗಿದ್ದ ನೀರನ್ನೂ ಹೊರದಬ್ಬುತ್ತದೆ. ಕುದಿಯುವ ನೀರು ಎರಡು ಪಾತ್ರೆಯಲ್ಲೂ ಒಂದೇ. ಅಕ್ಕಿ ಕುಡಿಯಿತು, ಕೋಳಿ ಕಕ್ಕಿತು!

“ಹಾಗಾದರೆ ಕ್ಯಾಲೊರಿಯೂ ಕಮ್ಮಿ ಆಯಿತಾ?” ಅಣ್ಣನ ಚಿಂತೆ ಅವನಿಗೆ.

ಕ್ಯಾಲೊರಿ ಎಂದರೆ ಊಟದಲ್ಲಿರುವ ಶಕ್ತಿಯ ಅಳತೆ. ಒಂದು ಲೀಟರ್ ನೀರನ್ನು ಒಂದು ಡಿಗ್ರಿಯಷ್ಟು ಬಿಸಿ ಮಾಡಲು ಬೇಕಾಗುವ ಶಕ್ತಿ ಒಂದು ಕಿಲೋಕ್ಯಾಲೊರಿ; ಊಟದ ಮಾತಿನಲ್ಲಿ ಅದನ್ನೇ ಕ್ಯಾಲೊರಿ ಎನ್ನುತ್ತೇವೆ. ನೀರಿನಲ್ಲಿ ಕ್ಯಾಲೊರಿ ಸೊನ್ನೆ. ಮಂಡ್ಯದ ಕಡೆಯ ಆಲೆಮನೆ ನೋಡಿದ್ದೀರಾ? ಕೊಪ್ಪರಿಗೆ ತುಂಬ ಕಬ್ಬಿನ ಹಾಲು ಕುದಿದು ಕುದಿದು ಸ್ವಲ್ಪವೇ ಬೆಲ್ಲವಾಗುತ್ತದೆ. ಆವಿಯಾಗಿ ಹೋದದ್ದು ನೀರು. ಸಿಹಿ ಅಲ್ಲೇ ಉಳಿಯಿತು. ಕೋಳಿಯದೂ ಹೆಚ್ಚುಕಡಿಮೆ ಅದೇ ಕಥೆ.

ಈಗ ಲೆಕ್ಕ ನೋಡಿ. ಚರ್ಮವಿಲ್ಲದ ಕೋಳಿಯ ಎದೆ ಮಾಂಸ ಹಸಿಯಾಗಿದ್ದರೆ 100 ಗ್ರಾಂಗೆ ಸುಮಾರು 120 ಕ್ಯಾಲೊರಿ, ಬೆಂದಿದ್ದರೆ ಸುಮಾರು 165. ಹಸಿ 200 ಗ್ರಾಂಗೆ ಹಸಿಯ ಲೆಕ್ಕ ಹಿಡಿದರೆ 240. ಬೆಂದ 150 ಗ್ರಾಂಗೆ ಬೆಂದದ್ದರ ಲೆಕ್ಕ ಹಿಡಿದರೆ 248. ಎರಡೂ ಹತ್ತಿರ ಹತ್ತಿರ ಬಂದವಲ್ಲ? ಬೆಂದದ್ದನ್ನು ತೂಗಿ ಹಸಿಯ ಲೆಕ್ಕ ಹಿಡಿದರೆ 180ಕ್ಕೆ ಇಳಿಯುತ್ತದೆ. ಹಸಿಯನ್ನು ತೂಗಿ ಬೆಂದದ್ದರ ಲೆಕ್ಕ ಹಿಡಿದರೆ 330ಕ್ಕೆ ಏರುತ್ತದೆ. ತಕ್ಕಡಿ ಸುಳ್ಳು ಹೇಳಲಿಲ್ಲ. ನಾವು ಪಟ್ಟಿಯ ತಪ್ಪು ಸಾಲು ಓದಿದೆವು, ಅಷ್ಟೇ.

ಯಾವಾಗ ತೂಗಿದರೆ ಮೇಲು? ಹಸಿಯಾಗಿದ್ದಾಗಲೇ. ಸ್ವಲ್ಪ ಬೇಯಿಸಿದರೆ ಸ್ವಲ್ಪ ನೀರು ಹೋಗುತ್ತದೆ, ಸುಕ್ಕಾ ಮಾಡಿದರೆ ಇನ್ನಷ್ಟು ಹೋಗುತ್ತದೆ. ಪ್ರತಿ ಮನೆಯ ಒಲೆಯೂ ಬೇರೆ, ಕೈಯೂ ಬೇರೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಪಟ್ಟಿಯಲ್ಲಿ ನಮ್ಮ ದೇಶದ 500ಕ್ಕೂ ಹೆಚ್ಚು ಆಹಾರಗಳ ವಿವರ ಇದೆ. ಅದರಲ್ಲೂ ಹೆಚ್ಚಿನವು ಹಸಿ ಪದಾರ್ಥಗಳೇ. ಹುರಿದರೆ ಎಣ್ಣೆಯ ಲೆಕ್ಕವನ್ನು ಬೇರೆ ಸೇರಿಸಬೇಕು, ಮರೆಯಬೇಡಿ.

ಮಾಂಸ ತಿನ್ನದ ಮನೆಯವರು ಸೊಪ್ಪಿನಲ್ಲಿ ಇದನ್ನು ನೋಡಬಹುದು. ಬೇಯುವ ಮುಂಚೆ ಒಂದು ಬುಟ್ಟಿ, ಬೆಂದ ಮೇಲೆ ಒಂದು ಹಿಡಿ. ಒಲೆಯ ಹತ್ತಿರ ದೊಡ್ಡವರು ಜೊತೆಗಿರಲಿ. ಬೆಳೆಯುವ ಮಕ್ಕಳಿಗೆ ಮಾತ್ರ ಕ್ಯಾಲೊರಿ ಲೆಕ್ಕ ಬೇಡ. ಹೊಟ್ಟೆ ತುಂಬ ಉಣ್ಣಿ. ತೂಗುವ ಆಟ ಆಡಿ, ಸಾಕು.

ಇಷ್ಟು ಹೇಳುವಷ್ಟರಲ್ಲಿ ಅಣ್ಣ ಕೋಳಿ ಬೇಯಿಸಿದ ನೀರನ್ನು ಚೆಲ್ಲಲು ಹೊರಟಿದ್ದ. ತಂಗಿ ಪಾತ್ರೆ ಕಸಿದುಕೊಂಡಳು. ಕೋಳಿಯಿಂದ ಇಳಿದ ನೀರು, ಚೂರು ಜಿಡ್ಡು, ತುಸು ಪ್ರೋಟೀನು, ರುಚಿ ಎಲ್ಲ ಅದರಲ್ಲೇ ಇತ್ತಲ್ಲ! ಮೆಣಸಿನ ಪುಡಿ ಉದುರಿಸಿ, ನಿಂಬೆಹಣ್ಣು ಹಿಂಡಿ, ಲೋಟಕ್ಕೆ ಬಗ್ಗಿಸಿಕೊಂಡು ಸೊರ್ ಎಂದು ಹೀರಿದಳು.

“ಈಗ ಬೇಕಾದರೆ ನನ್ನ ಮೇಲೆ ದೂರು ಹೇಳು ಅಣ್ಣಾ,” ಎಂದಳು ಬಾಯಿ ಒರೆಸಿಕೊಳ್ಳುತ್ತ. “ನಿನ್ನ 50 ಗ್ರಾಂ ಈಗ ನಾನೇ ಕುಡಿದೆ.”