ಬೆಟ್ಟಕ್ಕೆ ಹೊರಡುವ ಮುನ್ನ
(ಗೋವಿನಕೋವಿಯಲ್ಲಿ ಗ್ರಾಮಸ್ಥರಿಗೂ ವಿದ್ಯಾರ್ಥಿಗಳಿಗೂ ನೀಡಿದ ಉಪನ್ಯಾಸದ ಪಠ್ಯ)



ಮಲೆನಾಡಿನಲ್ಲಿ ಮುಂಗಾರು ಸುರಿಯುವ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತಿಂಗಳುಗಳೇ ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಗಳಿಗೆ ಹಿಮದ ಕಾಲ. ಚಿಲಿ, ಅರ್ಜೆಂಟೀನಾಗಳ ಇಳಿಜಾರುಗಳಲ್ಲಿ ಸ್ಕೀ ಹಲಗೆ ಕಟ್ಟಿಕೊಂಡು ಜಾರಲು ಗೆಳೆಯರ ಗುಂಪುಗಳು ಆಗ ದೂರದೂರದಿಂದ ಬರುತ್ತವೆ. ಅದೇ ಶ್ರೇಣಿಯ ಬೊಲಿವಿಯಾದಲ್ಲಿ, 5,000 ಮೀಟರಿಗೂ ಎತ್ತರದ ಚಕಲ್ತಾಯ ಎಂಬ ಹಿಮನದಿಯ ಮೇಲೂ ದಶಕಗಳ ಕಾಲ ಈ ಆಟ ನಡೆಯಿತು. 2009ರ ವೇಳೆಗೆ ಆ ಹಿಮನದಿ ಪೂರ್ಣವಾಗಿ ಕರಗಿಹೋಯಿತು. ಅದನ್ನು ಕರಗಿಸಿದ್ದು ಭೂಮಿಯ ಏರುತ್ತಿರುವ ಬಿಸಿ. ಆಟ ನಿಂತದ್ದು ಸಣ್ಣ ನಷ್ಟ. ಸಮೀಪದ ಲಾ ಪಾಜ್ ನಗರದ ಕುಡಿಯುವ ನೀರಿನ ಒಂದು ಪಾಲು ಇಂಥ ಹಿಮನದಿಗಳಿಂದಲೇ ಬರುತ್ತದೆ ಎಂಬುದು ದೊಡ್ಡ ಸಂಗತಿ.

ಪಶ್ಚಿಮಘಟ್ಟದಲ್ಲಿ ಹಿಮವಿಲ್ಲ. ನೀರನ್ನು ಹಿಡಿದಿಟ್ಟು ನಿಧಾನವಾಗಿ ಬಿಡುವ ಕೆಲಸವನ್ನು ಇಲ್ಲಿ ಶೋಲಾ ಕಾಡುಗಳೂ ಹುಲ್ಲುಗಾವಲುಗಳೂ ಮಾಡುತ್ತವೆ. ಕುದುರೆಮುಖ ರಾಷ್ಟ್ರೀಯ ಉದ್ಯಾನದ ಗಂಗಾಮೂಲದಲ್ಲಿ ಹುಟ್ಟುವ ತುಂಗೆ, ಭದ್ರೆಯರು ಕೂಡ್ಲಿಯಲ್ಲಿ ಸೇರಿ ಹೊನ್ನಾಳಿಯ ಮಗ್ಗುಲಲ್ಲಿ ಹರಿಯುತ್ತಾರೆ. ಭದ್ರಾ ನಾಲೆಯನ್ನು ನೆಚ್ಚಿದ ಚನ್ನಗಿರಿ ಕಡೆಯ ಗದ್ದೆತೋಟಗಳ ಬೇರು ನಿಜವಾಗಿ ಇರುವುದು ಆ ಬೆಟ್ಟಗಳಲ್ಲಿ. ಜನರ ದೀರ್ಘ ಹೋರಾಟ ಮತ್ತು ಸರ್ವೋಚ್ಚ ನ್ಯಾಯಾಲಯದ 2002ರ ಆದೇಶದ ಫಲವಾಗಿ ಕುದುರೆಮುಖದ ಕಬ್ಬಿಣದ ಅದಿರಿನ ಗಣಿಗಾರಿಕೆ 2005ರ ಕೊನೆಗೆ ನಿಂತಿತು. ಈಗ ಅದೇ ಬೆಟ್ಟಗಳನ್ನು ಏರಲು ಯುವಕರ ದಂಡು ಹೊರಟಿದೆ.

2024ರ ಜನವರಿಯ ಕೊನೆಯ ರಜೆಯಲ್ಲಿ ಕುಮಾರಪರ್ವತದ ದಾರಿಯಲ್ಲಿ ಜಾತ್ರೆಯಂತೆ ಜನ ನೆರೆದರು. ಬಳಿಕ ಸರ್ಕಾರವು ಚಾರಣಗಳನ್ನು ತಾತ್ಕಾಲಿಕವಾಗಿ ತಡೆದು, ಅದೇ ವರ್ಷ ಆನ್‌ಲೈನ್ ನೋಂದಣಿಯನ್ನೂ ದಿನಕ್ಕಿಷ್ಟೇ ಜನರೆಂಬ ಮಿತಿಯನ್ನೂ ತಂದಿತು. ಮಿತಿಯ ಹಿಂದಿನ ಕಾರಣ ರೈತರಿಗೆ ಹೊಸದಲ್ಲ. ಹಸಿ ಹೊಲದಲ್ಲಿ ಗಾಡಿ ಹಾಯ್ದ ಜಾಡಿನಲ್ಲಿ ಮಣ್ಣಿನ ರಂಧ್ರಗಳು ಮುಚ್ಚಿ ನೀರು ಇಂಗುವುದಿಲ್ಲ, ಬೆಳೆ ಸೊರಗುತ್ತದೆ. ಹುಲ್ಲುಗಾವಲಿನ ಮೇಲೆ ಸಾವಿರ ಜನರ ಹೆಜ್ಜೆಯೂ ಹಾಗೆಯೇ. ಇಳಿಜಾರಿನಲ್ಲಿ ಇಂಗದ ನೀರು ಕಾಲುದಾರಿಯನ್ನೇ ಕೊರಕಲು ಮಾಡಿ, ಮಣ್ಣನ್ನು ಹೊತ್ತು ಹಳ್ಳಕ್ಕೆ ಇಳಿಯುತ್ತದೆ.

ಆದುದರಿಂದ ಗೆಳೆಯರ ಗುಂಪು ಮೊದಲು ನಿರ್ಧರಿಸಬೇಕಾದುದು ಕಾಲವನ್ನು. ಮಳೆಗಾಲದಲ್ಲಿ ದಾರಿ ಜಾರುತ್ತದೆ, ಹಳ್ಳಗಳು ಕ್ಷಣಾರ್ಧದಲ್ಲಿ ತುಂಬುತ್ತವೆ, ಗುಡ್ಡ ಕುಸಿಯುತ್ತದೆ. ಡಿಸೆಂಬರ್‌ನಿಂದ ಮೇವರೆಗೆ ಮಲೆನಾಡಿನ ಕಾಡುಗಳಲ್ಲಿ ಮಂಗನ ಕಾಯಿಲೆಯ ಭಯ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಈ ರೋಗ ಉಣುಗುಗಳ ಕಡಿತದಿಂದ ಹರಡುತ್ತದೆ. ಮಂಗ ಸತ್ತ ಸುದ್ದಿಯಿರುವ ಕಾಡಿಗೆ ಕಾಲಿಡಬಾರದು. ಫೆಬ್ರವರಿಯ ನಂತರ ಒಣಹುಲ್ಲಿಗೆ ಒಂದು ಬೀಡಿಯ ಕಿಡಿ ಸಾಕು. ಮಳೆ ಹಿಂದೆಗೆದ ಮೇಲಿನ, ಹುಲ್ಲು ಇನ್ನೂ ಹಸಿರಾಗಿರುವ ಕೆಲವು ವಾರಗಳೇ ಲೇಸು.

ಎರಡನೆಯದು ಸಂಖ್ಯೆ. ಇಪ್ಪತ್ತು ಜನರ ಗದ್ದಲಕ್ಕಿಂತ ಆರು ಜನರ ಸಾಲು ಕಾಡಿಗೂ ಹಿತ, ಕಲಿಯುವವರಿಗೂ ಹಿತ. ಅನುಮತಿ ಪಡೆದು, ಇರುವ ದಾರಿಯಲ್ಲೇ ನಡೆದು, ಒಯ್ದ ಪ್ಲಾಸ್ಟಿಕ್ಕನ್ನೆಲ್ಲ ಮರಳಿ ತರಬೇಕು. ಸೋಪಿನ ನೊರೆ ಹಳ್ಳಕ್ಕೆ ಸೇರಬಾರದು. ಆ ಹಳ್ಳ ಕೆಳಗಿನ ಯಾವುದೋ ಮನೆಯ ಅಬ್ಬಿನೀರು.

ಮೂರನೆಯದು ಹಣ. ಬುತ್ತಿ, ವಸತಿ, ದಾರಿ ತೋರುವವರ ಕೂಲಿ ಬೆಟ್ಟದ ಬುಡದ ಊರಿಗೇ ಸಲ್ಲಲಿ. ಕಾಡು ಉಳಿದರೆ ತನ್ನ ಒಲೆ ಉರಿಯುತ್ತದೆಂದು ತಿಳಿದ ಊರು ಕಾಡಿನ ನಿಜವಾದ ಕಾವಲುಗಾರ. ದಾರಿ ತೋರುವ ಹಿರಿಯರಿಂದ ಮರದ ಹೆಸರು, ಹಳ್ಳದ ಹೆಸರು ಕೇಳಿ ಬರೆದುಕೊಂಡು ಬಂದರೆ, ಪ್ರವಾಸ ಪಾಠವೂ ಆಗುತ್ತದೆ.

ಬೆಟ್ಟ ಏರಬೇಡಿ ಎಂಬುದು ಈ ಮಾತಿನ ತಾತ್ಪರ್ಯವಲ್ಲ. ನದಿಯ ಮೂಲವನ್ನು ಕಣ್ಣಾರೆ ಕಂಡ ವಿದ್ಯಾರ್ಥಿ ಹೊನ್ನಾಳಿಯ ಸೇತುವೆಯ ಮೇಲೆ ನಿಂತಾಗ ನೀರನ್ನು ಬೇರೆ ಬಗೆಯಲ್ಲಿ ನೋಡುತ್ತಾನೆ, ನೋಡುತ್ತಾಳೆ. ಆ ನೋಟಕ್ಕಾಗಿಯೇ ಹೋಗಿಬನ್ನಿ. ಹೋದ ಗುರುತು ಅಲ್ಲಿ ಉಳಿಯದಿರಲಿ.